ವಾಲ್ವ್ ತೂತಿನ ಸುತ್ತ ತುಕ್ಕು ತಿಂದ ರಿಮ್, ಟೈರ್ ತುಂಬ ನೀರು: ಹಳೇ ಟ್ರ್ಯಾಕ್ಟರ್‌ನ ಹಿಂದಿನ ಗಾಲಿ ಉಳಿಯುತ್ತಾ?

ಕಾರಟಗಿ_ಗದ್ದೆ:

ಎಲ್ಲರಿಗೂ ನಮಸ್ಕಾರ. 35 ಎಚ್.ಪಿ.ಯ ಹಳೇ ಟ್ರ್ಯಾಕ್ಟರ್. ಹಿಂದಿನ ಟೈರ್ 13.6-28 (ಅಗಲ 13.6 ಇಂಚು, ರಿಮ್ 28 ಇಂಚು), ಟ್ಯೂಬ್ ಇರೋದು. ಹಿಡಿತಕ್ಕೆ ತೂಕ ಬರಲಿ ಅಂತ ಎರಡೂ ಹಿಂದಿನ ಗಾಲಿಗೆ ನೀರು ತುಂಬಿದೆ, ಬೋರ್‌ವೆಲ್ ನೀರು.

ಎಡಗಡೆ ರಿಮ್‌ನಲ್ಲಿ ವಾಲ್ವ್ ತೂತಿನ ಸುತ್ತ ಅಂಗೈ ಅಗಲ ತುಕ್ಕು ಹಪ್ಪಳದ ಹಾಗೆ ಎದ್ದಿದೆ, ಸ್ಕ್ರೂಡ್ರೈವರ್ ಒತ್ತಿದರೆ ಪುಡಿ ಉದುರುತ್ತೆ. ವಾಲ್ವ್ ಬುಡದಲ್ಲಿ ಸದಾ ಒದ್ದೆ. ಆ ಟ್ಯೂಬ್ ಮೇಲಿಂದ ಮೇಲೆ ಪಂಕ್ಚರ್ ಆಗ್ತಿದೆ. ಬಲಗಡೆ ರಿಮ್‌ಗೆ ಮೇಲ್ನೋಟಕ್ಕೆ ಅಷ್ಟು ತೊಂದರೆ ಕಾಣಲ್ಲ.

ವೆಲ್ಡಿಂಗ್‌ನವರು "ಗಾಳಿ ಬಿಟ್ಟು ತನ್ನಿ, ಟೈರ್ ಬಿಚ್ಚೋದು ಬೇಡ, ಹೊರಗಿಂದಲೇ ಪಟ್ಟಿ ಹಾಕ್ತೀವಿ" ಅಂತಾರೆ. ಇದು ಸರಿನಾ? ಅಷ್ಟು ನೀರು ತೆಗೆಯೋದು ಹೇಗೆ? ರಿಮ್ ರಿಪೇರಿ ಮಾಡಿಸಬೇಕಾ, ಬೇರೆ ಹಾಕಬೇಕಾ? ಆಮೇಲೆ ಮತ್ತೆ ನೀರು ತುಂಬಬೇಕಾ? ಕೆಲಸ ಅಂದ್ರೆ ಎರಡೂ ಬೆಳೆಗೆ ಕೇಜ್ ವೀಲ್ (ಕಬ್ಬಿಣದ ಪಟ್ಟಿಗಳ ಗಾಲಿ) ಹಾಕಿ ಭತ್ತದ ಗದ್ದೆ ಕೆಸರು ಮಾಡೋದು, ಬೇಸಿಗೆಯಲ್ಲಿ ಎಂ.ಬಿ. ನೇಗಿಲು (ಮಣ್ಣು ಮಗುಚುವ ನೇಗಿಲು), ಸುಗ್ಗಿಯಲ್ಲಿ ಟ್ರಾಲಿ.

ಟಾಮಿ_ದಾವಣಗೆರೆ:

ಮೊದಲು ವೆಲ್ಡಿಂಗ್ ಮಾತು. ಟೈರ್ ರಿಮ್ ಮೇಲೆ ಇರುವಾಗ ವೆಲ್ಡಿಂಗ್ ಆಗಲಿ, ಗ್ಯಾಸ್ ಕಟಿಂಗ್ ಆಗಲಿ, ಯಾವ ಕಾರಣಕ್ಕೂ ಮಾಡಿಸಬೇಡಿ. ಗಾಳಿ ಬಿಟ್ಟು, ವಾಲ್ವ್ ಪಿನ್ (ಗಾಳಿ ತಡೆಯುವ ಒಳಗಿನ ಕಡ್ಡಿ) ತೆಗೆದಿದ್ದರೂ ಬೇಡ. ರಿಮ್ ಕಾದಾಗ ಅದಕ್ಕೆ ಅಂಟಿದ ರಬ್ಬರ್ ಒಳಗೇ ಸುಟ್ಟು, ಉರಿಯುವ ಅನಿಲ ಟೈರ್ ಒಳಗೆ ತುಂಬಿಕೊಳ್ಳುತ್ತೆ. ಪಿನ್ ತೆಗೆದ ಸಣ್ಣ ತೂತಿಂದ ಆ ಒತ್ತಡ ಹೊರಗೆ ಹೋಗಲ್ಲ, ಟೈರ್ ಸಿಡಿಯುತ್ತೆ. ವೆಲ್ಡಿಂಗ್ ಮುಗಿದು ಸ್ವಲ್ಪ ಹೊತ್ತಾದ ಮೇಲೆ ಸಿಡಿಯೋದೂ ಉಂಟು. ಒಳಗೆ ನೀರಿದ್ದರೂ ಈ ಅಪಾಯ ತಪ್ಪಲ್ಲ. ಟೈರ್ ಪೂರ್ತಿ ಕಳಚಿ, ಬರೀ ರಿಮ್ ಕೊಟ್ಟರೆ ಮಾತ್ರ ವೆಲ್ಡಿಂಗ್.

ತುಕ್ಕು ಯಾಕೆ ಅಲ್ಲೇ ಶುರುವಾಯ್ತು ಅಂತ ತಿಳಿದರೆ ರಿಪೇರಿ ಅರ್ಧ ಮುಗಿದ ಹಾಗೆ. ನೀರು ಟ್ಯೂಬ್ ಒಳಗಿದೆ, ರಿಮ್ ಅದರ ಹೊರಗಿದೆ. ವಾಲ್ವ್ ಬುಡದಲ್ಲಿ ಸೋರಿಕೆ ಇಲ್ಲದಿದ್ದರೆ ಒಳಗಿನ ನೀರಿಗೂ ರಿಮ್‌ಗೂ ಸಂಬಂಧವೇ ಇಲ್ಲ. ರಿಮ್ ತಿನ್ನೋದು ಟ್ಯೂಬ್‌ಗೂ ರಿಮ್‌ಗೂ ನಡುವಿನ ಸಂದಿಯಲ್ಲಿ ಸಿಕ್ಕಿಬಿದ್ದ ತೇವ. ವಾಲ್ವ್ ತೂತಿನ ಹತ್ತಿರ ನೀರೂ ಇದೆ, ಗಾಳಿಯೂ ಆಡುತ್ತೆ, ಒಣಗಿ ಮತ್ತೆ ಒದ್ದೆಯಾಗ್ತಾನೇ ಇರುತ್ತೆ. ಕೆಸರು ಗದ್ದೆಯಲ್ಲಿ ರಿಮ್‌ವರೆಗೆ ಮುಳುಗಿದಾಗ ಹೊರಗಿನ ನೀರೂ ಅದೇ ತೂತಿಂದ ಒಳಗೆ ಹೋಗುತ್ತೆ. ನಿಮ್ಮ ಕಡೆ ಸವಳು ಭೂಮಿ ಜಾಸ್ತಿ, ಅದರ ಮೇಲೆ ಗೊಬ್ಬರದ ಉಪ್ಪು ಬೇರೆ. ಹಾಗಾಗಿ ರಿಮ್ ಎಷ್ಟೇ ಚೆನ್ನಾಗಿ ಮಾಡಿಸಿದರೂ ಸೋರುವ ವಾಲ್ವ್ ಇರೋ ಅದೇ ಟ್ಯೂಬ್ ಹಾಕಿದರೆ ತುಕ್ಕು ವಾಪಸ್ ಬಂದೇ ಬರುತ್ತೆ.

ನೀರು ತೆಗೆಯೋದು: ಮುಂದಿನ ಗಾಲಿಗಳಿಗೆ ಎರಡೂ ಕಡೆ ಕಲ್ಲು ಕೊಡಿ, ಗೇರ್‌ನಲ್ಲಿ ನಿಲ್ಲಿಸಿ. ಹಿಂದಿನ ಆಕ್ಸಲ್ ಹೌಸಿಂಗ್ ಕೆಳಗೆ ಜಾಕ್ ಕೊಟ್ಟು ಎತ್ತಿ, ಪಕ್ಕದಲ್ಲೇ ಗಟ್ಟಿ ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ ಭಾರ ಅದರ ಮೇಲೆ ಕೂರಿಸಿ. ಬರೀ ಜಾಕ್ ನಂಬಬೇಡಿ. ವಾಲ್ವ್ ಮೇಲಕ್ಕೆ ಬರುವ ಹಾಗೆ ಎಡ ಗಾಲಿ ತಿರುಗಿಸೋಕೆ ಆಗ ಮಾತ್ರ ನ್ಯೂಟ್ರಲ್. ಮುಖ ಪಕ್ಕಕ್ಕಿಟ್ಟು ಪಿನ್ ಒತ್ತಿ ಮೇಲಿನ ಗಾಳಿ ಬಿಡಿ. ಗಾಳಿಯ ಸದ್ದು ನಿಂತ ಮೇಲೆ ವಾಲ್ವ್ ಕೆಳಗೆ ತನ್ನಿ. ಪಿನ್ ಒಂದನ್ನೇ ತೆಗೆದರೆ ಸಂಜೆವರೆಗೂ ತೊಟ್ಟಿಕ್ಕುತ್ತೆ. ಟ್ರ್ಯಾಕ್ಟರ್ ಟ್ಯೂಬಿಗೆ ಬರೋ ಟಿಆರ್ 218ಎ ವಾಲ್ವ್‌ನಲ್ಲಿ ಪಿನ್ ಕೂತಿರುವ ಹಿತ್ತಾಳೆ ಮೂತಿಯೇ ಬಿಚ್ಚಿ ಬರುತ್ತೆ, ಅದನ್ನು ಬಿಚ್ಚಿದರೆ ದೊಡ್ಡ ಧಾರೆ ಬೀಳುತ್ತೆ. ಮಧ್ಯೆ ಮಧ್ಯೆ ಗುಳುಗುಳು ಅಂತ ನಿಂತರೆ ಒಳಗೆ ನಿರ್ವಾತ ಆಗಿದೆ ಅಂತ ಅರ್ಥ, ಸ್ವಲ್ಪ ಗಾಳಿ ಹೊಡೆದು ಮತ್ತೆ ಬಿಡಿ.

ಧಾರೆ ನಿಂತ ತಕ್ಷಣ ಖಾಲಿ ಆಯ್ತು ಅಂದುಕೊಳ್ಳಬೇಡಿ. ವಾಲ್ವ್ ಇರೋದು ರಿಮ್ ಮಟ್ಟದಲ್ಲಿ. ಅದಕ್ಕಿಂತ ಕೆಳಗೆ ಟೈರ್ ಹೊಟ್ಟೆಯಲ್ಲಿ ಉಳಿದ ನೀರು ತಾನಾಗಿ ಬರಲ್ಲ. ಮುಕ್ಕಾಲು ತುಂಬಿದ 13.6-28ರಲ್ಲಿ ಸುಮಾರು 170 ಲೀಟರ್ ಇದ್ದರೆ, ಹೀಗೆ 50 ಲೀಟರ್ ಮೇಲೆಯೇ ಉಳಿಯುತ್ತೆ. ಮೂತಿಯೊಳಗೆ ಹೋಗುವ ತೆಳು ಪ್ಲಾಸ್ಟಿಕ್ ನಳಿಕೆಯನ್ನು ತಳ ಮುಟ್ಟುವವರೆಗೆ ಇಳಿಸಿ ಹೀರಿ ಹರಿಬಿಡಿ. ಅದಾಗದಿದ್ದರೆ ದಿಮ್ಮಿ ತೆಗೆದು ಜಾಕ್ ನಿಧಾನ ಇಳಿಸಿ; ಟೈರ್ ನೆಲಕ್ಕೆ ಅಮುಕಿದಾಗ ಬಹಳಷ್ಟು ಹೊರಗೆ ಬರುತ್ತೆ. ನೀರು ಇರುವಾಗಲೇ ಗಾಲಿ ಕಳಚೋ ಸಾಹಸ ಬೇಡ. ಟೈರ್, ರಿಮ್, ಡಿಸ್ಕ್ (ರಿಮ್ಮನ್ನು ಹಬ್‌ಗೆ ಸೇರಿಸುವ ನಡುವಿನ ತಟ್ಟೆ), ನೀರು ಸೇರಿ 300 ಕೆ.ಜಿ. ಹತ್ತಿರ ಹೋಗುತ್ತೆ. ಒಳಗೆ ನೀರು ಅಲುಗಾಡುವ ಗಾಲಿ ವಾಲಿದರೆ ಇಬ್ಬರು ಹಿಡಿದರೂ ನಿಲ್ಲಲ್ಲ.

ಬೀಡ್, ಅಂದರೆ ರಿಮ್ ಮೇಲೆ ಕೂರುವ ಟೈರಿನ ತಂತಿ ಅಂಚು, ತುಕ್ಕಿಗೆ ಕಚ್ಚಿಕೊಂಡಿರುತ್ತೆ. ಸೋಪಿನ ನೀರನ್ನು ಸುತ್ತಲೂ ಸಂದಿಗೆ ಬಿಟ್ಟು ಒಂದು ರಾತ್ರಿ ಬಿಡಿ. ಡೀಸೆಲ್, ಗ್ರೀಸ್ ಬೇಡ, ರಬ್ಬರ್ ಊದುತ್ತೆ. ಬೀಡ್ ಬ್ರೇಕರ್ ಇಲ್ಲದಿದ್ದರೆ ಗಾಲಿಯನ್ನು ಮಲಗಿಸಿ, ಭಾರದ ಟ್ರಾಲಿಯ ಚಾಸಿ ಕೆಳಗೆ ಸರಿಸಿ, ಚಾಸಿಗೂ ಬೀಡ್ ಅಂಚಿಗೂ ನಡುವೆ ಮರದ ತುಂಡು ಮತ್ತು ಹೈಡ್ರಾಲಿಕ್ ಜಾಕ್ ಇಟ್ಟು ಒತ್ತಿ. ಒಂದೇ ಕಡೆ ಪೂರ್ತಿ ಒತ್ತದೆ ಗೇಣು ಗೇಣಿಗೆ ಜಾಗ ಬದಲಿಸ್ತಾ ಹೋಗಿ. ಬಿಟ್ಟ ಮೇಲೆ ಟಾಮಿ (ಟೈರ್ ಮೀಟುವ ಕಬ್ಬಿಣದ ಸಲಾಕೆ) ಹಾಕುವಾಗ ಎದುರು ಬದಿಯ ಬೀಡ್ ರಿಮ್ ನಡುವಿನ ತಗ್ಗಿಗೆ ಇಳಿದಿದೆಯಾ ನೋಡಿಕೊಳ್ಳಿ. ಅದು ಇಳಿಯದೆ ಬಲ ಹಾಕಿದರೆ ಬೀಡ್ ತಂತಿ ಹರಿಯುತ್ತೆ, ಆಮೇಲೆ ಆ ಟೈರ್ ಕೆಲಸಕ್ಕೆ ಬಾರದು.

ಬಿಚ್ಚಿದ ಮೇಲೆ ಟ್ಯೂಬ್‌ನ ಹಳೇ ಪ್ಯಾಚ್‌ಗಳು ಯಾವ ಕಡೆ ಇವೆ ನೋಡಿ. ನೆಲದ ಕಡೆ ಇದ್ದರೆ ಮುಳ್ಳು, ಕೂಳೆ. ರಿಮ್ ಕಡೆ ಇದ್ದರೆ ತುಕ್ಕಿನ ಚೂರು. ವಾಲ್ವ್ ಬುಡವೇ ಒಂದು ಕಡೆ ಎಳೆದು ಹರಿದಿದ್ದರೆ ಗಾಳಿ ಕಡಿಮೆ ಇಟ್ಟು ಎಳೆದದ್ದರಿಂದ ಟೈರ್ ರಿಮ್ ಮೇಲೆ ಜಾರಿದೆ.

ಲೇತ್_ಹಾವೇರಿ:

ದಾವಣಗೆರೆ ಅಣ್ಣಾರು ಹೇಳಿದ್ದು ಖರೇ. ಟೈರ್ ಕಳಚದ ರಿಮ್ ನಮ್ಮ ಅಂಗಡಿ ಒಳಗ ತರಬ್ಯಾಡ್ರಿ ಅಂತ ವೆಲ್ಡರ್ ತಾನ ಹೇಳಬೇಕು.

ರಿಮ್ ಉಳೀತೈತೋ ಇಲ್ಲೋ ಅನ್ನೋದನ್ನ ತುಕ್ಕು ಕೆರದ ಮ್ಯಾಲೆ ತೀರ್ಮಾನ ಮಾಡ್ರಿ. ಎದ್ದ ಪದರ ಸುತ್ತಿಗಿಯಿಂದ ಉದುರಿಸಿ, ಗ್ರೈಂಡರ್‌ಗೆ ತಂತಿ ಬ್ರಷ್ ಹಾಕಿ ಉಜ್ಜರಿ, ಕಣ್ಣಿಗೆ ಕನ್ನಡಕ ಇರಲಿ. ಆಮೇಲೆ ಸಣ್ಣ ಸುತ್ತಿಗಿಯಿಂದ ಸುತ್ತ ತಟ್ಟಿಕೋತ ಹೋಗ್ರಿ. ಗಟ್ಟಿ ತಗಡು ಗಣ್ ಅಂತೈತಿ, ಸವದದ್ದು ಸಪ್ಪಳಾನ ಕೊಡಂಗಿಲ್ಲ. ಅನುಮಾನ ಇದ್ದಲ್ಲಿ ಸೆಂಟರ್ ಪಂಚ್ ಹೊಡೀರಿ, ತೂತು ಬಿದ್ದರ ಅಲ್ಲಿ ಜೀವ ಇಲ್ಲ. ವಾಲ್ವ್‌ನಿಂದ ದೂರ ಚಲೋ ಇದ್ದ ಜಾಗದ ದಪ್ಪಕ್ಕ ಹೋಲಿಸಿ ಮೂರನೇ ಒಂದು ಪಾಲು ಸವದಿದ್ದರ ಅಷ್ಟೂ ಭಾಗ ಕತ್ತರಿಸಬೇಕು.

ನಡುವಿನ ತಗ್ಗಿನ್ಯಾಗ, ವಾಲ್ವ್ ಸುತ್ತ ಮಾತ್ರ ಕೊಳೆತಿದ್ದರ ರಿಪೇರಿ ಆಗತೈತಿ. ಬೀಡ್ ಕೂಡೋ ಜಾಗ, ಹೊರಗಿನ ಬಾಗಿದ ಅಂಚು, ಡಿಸ್ಕಿಗೆ ಬೋಲ್ಟ್ ಹಾಕೋ ಕಿವಿಗಳ ಬುಡ, ಈ ಮೂರರಾಗ ಎಲ್ಲಿ ಬಿರುಕು ಬಿಟ್ಟಿದ್ದರೂ ರಿಮ್ ಬದಲಿಸ್ರಿ. ಅಲ್ಲಿ ಬೆಸುಗೆ ಬಿಟ್ಟರ ಓಡೋ ಗಾಡ್ಯಾಗ ಟೈರ್ ಹಾರತೈತಿ.

ಹೊರಗಿಂದ ಪಟ್ಟಿ ಬಡಿಯೋದು ಕೆಲಸ ಅಲ್ಲ. ಪಟ್ಟಿ ಮತ್ತು ಹಳೇ ತಗಡಿನ ನಡುವ ಸಂದಿ ಉಳೀತೈತಿ, ಅದರಾಗ ನೀರು ನಿಂತು ಒಳಗಿಂದೊಳಗ ತಿಂತೈತಿ. ಕೊಳೆತ ಭಾಗ ಪೂರ್ತಿ ಕತ್ತರಿಸಿ ತೆಗೀರಿ, ಚಲೋ ಲೋಹ ಸಿಗೋ ತನಕ. ಮೂಲಿ ಚೌಕ ಬ್ಯಾಡ, ದುಂಡಗ ಇರಲಿ. ಚೌಕ ಮೂಲಿಯಿಂದ ಬಿರುಕು ಹುಟ್ಟತೈತಿ. ಅಷ್ಟ ದಪ್ಪದ ಎಂ.ಎಸ್. (ಮೈಲ್ಡ್ ಸ್ಟೀಲ್) ತಗಡನ್ನ ರಿಮ್ ಬಾಗಿಗೆ ಸರಿಯಾಗಿ ಬಗ್ಗಿಸಿ, ಅಂಚಿಗೆ ಅಂಚು ಕೂಡಿಸಿ, ಎರಡೂ ಅಂಚು ಇಳಿಜಾರು ತಿಕ್ಕಿ ಬೆಸುಗಿ ಹಾಕಸ್ರಿ. 6013 ನಂಬರಿನ ವೆಲ್ಡಿಂಗ್ ರಾಡ್ ನಡೀತೈತಿ, 3.15 ಮಿ.ಮೀ. ರಾಡಿಗೆ 100ರಿಂದ 120 ಆಂಪ್. ಮೊದಲ ನಾಕು ಕಡೆ ಚುಕ್ಕಿ ಹಾಕಿ, ಒಂದು ಇಂಚು ಇಲ್ಲಿ, ಒಂದು ಇಂಚು ಎದುರಿಗೆ, ಆರಿಸಿ ಆರಿಸಿ ಹಾಕಬೇಕು. ಒಂದ ಸಲಕ್ಕ ಎಳದರ ರಿಮ್ ಎಳಕೊಂಡು ಡೊಂಕಾಗತೈತಿ.

ಟ್ಯೂಬ್ ಕೂಡೋ ಬದಿ ಬೆಸುಗೆಯನ್ನ ಸಪಾಟಾಗಿ ತಿಕ್ಕಿ, ಬೆರಳ ಆಡಿಸಿ ನೋಡ್ರಿ. ಒಂದು ಸಣ್ಣ ಗುಳ್ಳಿ ಉಳಿದರೂ ಹೊಸ ಟ್ಯೂಬ್ ಹೋಗತೈತಿ. ವಾಲ್ವ್ ತೂತು 16 ಮಿ.ಮೀ., ಗ್ಯಾಸ್‌ನಿಂದ ಕೊರೀಬ್ಯಾಡ್ರಿ, ಡ್ರಿಲ್ಲಿನಿಂದ ಕೊರೆದು ಎರಡೂ ಬದಿ ಚೂಪು ಅಂಚು ತಿಕ್ಕಿ ತೆಗೀರಿ. ಹಳೇ ತೂತು ಇದ್ದ ಜಾಗದಾಗ ಇರಲಿ. ಆ ಕಡಿ ಈ ಕಡಿ ಸರಿದರ ವಾಲ್ವ್ ಓರೆಯಾಗಿ ಬುಡ ಹರೀತೈತಿ.

ಬಣ್ಣದ ಮೊದಲು ತೊಳಿಯೋದು ಮರೀಬ್ಯಾಡ್ರಿ. ತಗ್ಗಿನೊಳಗ ಉಪ್ಪು ಕುಂತಿರತೈತಿ. ಸಿಹಿನೀರಿನಿಂದ ಜೋರಾಗಿ ತೊಳದು, ಬಿಸಿಲಿಗೆ ಒಣಗಿಸಿ, ಮರುದಿನ ನೋಡ್ರಿ. ಕಿತ್ತಳಿ ಬಣ್ಣದ ಹೊಸ ತುಕ್ಕು ಅಲ್ಲಲ್ಲಿ ಚುಕ್ಕಿ ಚುಕ್ಕಿ ಎದ್ದರ ಇನ್ನೂ ಉಪ್ಪು ಐತಿ ಅಂತ ತಿಳೀರಿ, ಮತ್ತ ತೊಳೀರಿ. ಕುಳಿಗಳಾಗ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಸಿಡ್ ಇರೋ ರಸ್ಟ್ ಕನ್ವರ್ಟರ್ ಹಚ್ಚಬಹುದು, ಡಬ್ಬಿ ಮ್ಯಾಲಿನ ಸೂಚನೆ ಪ್ರಕಾರ. ಕಕ್ಕಸು ತೊಳಿಯೋ ಆಸಿಡ್ ಮಾತ್ರ ಬ್ಯಾಡ, ಅದರಾಗ ಕ್ಲೋರೈಡ್ ಐತಿ, ಸಂದ್ಯಾಗ ಕುಂತು ಮುಂದ ಇನ್ನೂ ಜೋರ್ ತಿಂತೈತಿ. ಎಪಾಕ್ಸಿ ಪ್ರೈಮರ್ ಎರಡು ಕೋಟ್, ಆಮ್ಯಾಲೆ ಎನಾಮೆಲ್. ಬರೀ ರೆಡ್ ಆಕ್ಸೈಡ್ ಹಚ್ಚಿ ಬಿಟ್ಟರ ಕೆಸರಾಗ ಭಾಳ ದಿನ ತಡೆಯಂಗಿಲ್ಲ. ಪೂರ್ತಿ ಒಣಗೋ ತನಕ ಟ್ಯೂಬ್ ಹಾಕಬ್ಯಾಡ್ರಿ, ಥಿನ್ನರ್ ರಬ್ಬರಿಗೆ ಹೊಡೀತೈತಿ. ಡಿಸ್ಕ್ ಮತ್ತು ರಿಮ್ ಕಿವಿ ಕೂಡೋ ಮುಖಕ್ಕ ತೆಳ್ಳಗ ಒಂದ ಕೋಟ್ ಸಾಕು. ಅಲ್ಲಿ ದಪ್ಪ ಬಣ್ಣ ಇದ್ದರ ಅದು ಸವೆದಂಗ ನಟ್ ಸಡಲ ಆಗತಾವ.

ಕಾರಟಗಿ_ಗದ್ದೆ:

ತುಂಬ ಉಪಕಾರ ಆಯ್ತು. ಟೈರ್ ಬಿಚ್ಚಿದೆವು. ಪ್ಯಾಚ್ ಎಲ್ಲ ರಿಮ್ ಕಡೆಯೇ ಇವೆ. ಕೊಳೆತಿರೋದು ನಡುವಿನ ತಗ್ಗಿನಲ್ಲಿ ಮಾತ್ರ, ಅಂಚು, ಕಿವಿ ಗಟ್ಟಿ ಇವೆ. ಆದರೆ ರಿಮ್‌ನಿಂದ ಡಿಸ್ಕ್ ಬೇರೆ ಮಾಡೋಕೆ ಎರಡು ಬೋಲ್ಟ್ ಜಪ್ಪಯ್ಯ ಅಂದರೂ ಅಲುಗಾಡ್ತಿಲ್ಲ. ಇನ್ನೊಂದು ಮಾತು: ಹೊರದೇಶದ ವಿಡಿಯೋಗಳಲ್ಲಿ ನೀರಿಗೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸ್ತಾರೆ. ನಾವೂ ಹಾಕಬೇಕಾ?

ಟಾಮಿ_ದಾವಣಗೆರೆ:

ಕ್ಯಾಲ್ಸಿಯಂ ಕ್ಲೋರೈಡ್ ಬೇಡವೇ ಬೇಡ. ಅಲ್ಲಿ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುತ್ತೆ, ಅದಕ್ಕೆ ಹಾಕ್ತಾರೆ. ನೀರಿಗಿಂತ ಭಾರ ಇರೋದರಿಂದ ಒಂದಿಷ್ಟು ತೂಕವೂ ಹೆಚ್ಚು ಸಿಗುತ್ತೆ. ಆದರೆ ಒಂದು ಹನಿ ಸೋರಿದರೆ ರಿಮ್ ತಿನ್ನೋದರಲ್ಲಿ ಅದರಷ್ಟು ಕೆಟ್ಟದ್ದು ಇಲ್ಲ. ಗಾಳಿಯ ತೇವವನ್ನೂ ಹೀರಿಕೊಂಡು ಆ ಜಾಗ ಒಣಗೋಕೇ ಬಿಡಲ್ಲ. ಕಾರಟಗಿಯಲ್ಲಿ ನೀರು ಹೆಪ್ಪುಗಟ್ಟುವ ಮಾತೇ ಇಲ್ಲ. ಉಪ್ಪು ಬೋರ್ ನೀರಿನ ಬದಲು ಕಾಲುವೆ ನೀರನ್ನು ಬಟ್ಟೆಯಲ್ಲಿ ಸೋಸಿ ತುಂಬಿ, ಅಥವಾ ಮಳೆನೀರು ಹಿಡಿದಿಟ್ಟಿದ್ದರೆ ಇನ್ನೂ ಒಳ್ಳೇದು.

ಬೋಲ್ಟ್‌ಗೆ: ಟೈರ್ ಈಗ ಇಲ್ಲ, ಹಾಗಾಗಿ ಗ್ಯಾಸ್ ಬಿಸಿ ಕೊಡಬಹುದು. ಮೊದಲು ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ದಿನ ಬಿಡಿ. ಬಿಸಿ ಕೊಡುವ ಮುಂಚೆ ಆ ಎಣ್ಣೆ ಒರೆಸಿ, ನಟ್ಟನ್ನು ಮಾತ್ರ ಕಾಯಿಸಿ, ಬೋಲ್ಟನ್ನಲ್ಲ. ಮೊದಲು ಬಿಗಿಮಾಡುವ ಕಡೆಗೆ ಒಂದು ಎಳೆ ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ. ಬರದಿದ್ದರೆ ನಟ್ ಕತ್ತರಿಸಿ ಎಸೆಯಿರಿ. ಆ ಬೋಲ್ಟ್ ಉಳಿಸಿ ಏನೂ ಲಾಭ ಇಲ್ಲ. ಹೊಸದು 8.8 ಗ್ರೇಡ್ (ಬೋಲ್ಟಿನ ಗಟ್ಟಿತನದ ಗುರುತು) ಅಥವಾ ಅದಕ್ಕೆ ಸಮದ್ದು. ಥ್ರೆಡ್ ನೋಡಿ ತನ್ನಿ: ಹಳೇ ಮ್ಯಾಸಿ, ಫೋರ್ಡ್‌ಗಳಲ್ಲಿ ಇಂಚಿನ ಥ್ರೆಡ್, ಜೆಟರ್ ಮೂಲದ ಎಚ್‌ಎಂಟಿಯಲ್ಲಿ ಮಿಲಿಮೀಟರ್. 5/8 ಇಂಚು ಮತ್ತು 16 ಮಿ.ಮೀ. ಕಣ್ಣಿಗೆ ಒಂದೇ ಥರ ಕಾಣುತ್ತೆ, ಎರಡು ಸುತ್ತು ಹತ್ತಿಯೂ ಬಿಡುತ್ತೆ. ಬಲವಂತ ಮಾಡಿದರೆ ಎಳೆ ಕಿತ್ತು ಬರುತ್ತೆ.

ರಿಮ್ ಬದಲಿಸೋದಾದರೆ ಅದರ ಮೇಲೆ ಒತ್ತಿರೋ ಅಳತೆ ನೋಡಿ. 13.6-28 ಟೈರಿಗೆ ಡಬ್ಲ್ಯೂ 12×28 (12 ಇಂಚು ಅಗಲದ ರಿಮ್) ಸರಿಯಾದ ಜೋಡಿ, ಡಬ್ಲ್ಯೂ 11×28 ಕೂಡ ನಡೆಯುತ್ತೆ. ಗುಜರಿಯಲ್ಲಿ ತರುವಾಗ ಕಿವಿಗಳ ಎಣಿಕೆ, ಅವುಗಳ ನಡುವಿನ ಅಂತರ ಹಳೇ ಡಿಸ್ಕಿಗೆ ಇಟ್ಟೇ ನೋಡಿ.

ಜೋಡಿಸುವಾಗ ಹೊಸ ಟ್ಯೂಬ್ ಹಾಕಿ. ಹಳೇದು ಹಿಗ್ಗಿರುತ್ತೆ, ಒಳಗೆ ಮಡಿಕೆ ಬಿದ್ದು ಮಡಿಕೆಯಲ್ಲೇ ಸೀಳುತ್ತೆ. ಟೈರ್ ಒಳಗೆ ಗುಡಿಸಿ, ಚಾಕ್ ಪೌಡರ್ ತೆಳ್ಳಗೆ ಉದುರಿಸಿ. ರಿಮ್ ತಗ್ಗಿಗೆ ಹಳೇ ಟ್ಯೂಬಿನಿಂದ ಕತ್ತರಿಸಿದ ಪಟ್ಟಿ ಸುತ್ತೋದು ಒಳ್ಳೇ ಅಭ್ಯಾಸ. ಅಂಚು ಮಡಚಿಕೊಳ್ಳದ ಹಾಗೆ, ವಾಲ್ವ್ ತೂತು ಸರಿಯಾಗಿ ಕೂರುವ ಹಾಗೆ ಇರಲಿ. ಬೀಡ್‌ಗೆ ಸೋಪಿನ ನೀರು ಹಚ್ಚಿ. ಟೈರ್ ಮೇಲಿನ ಬಾಣ ಮುಂದಕ್ಕೆ ಉರುಳುವ ದಿಕ್ಕಿಗಿರಲಿ. ಗಾಳಿ ಹೊಡೆದು ಬೀಡ್ ಕೂರಿಸುವಾಗ 35 ಪಿಎಸ್‌ಐ (ಗೇಜ್ ತೋರಿಸುವ ಒತ್ತಡದ ಅಳತೆ) ದಾಟಬೇಡಿ. ಕೂರದಿದ್ದರೆ ಗಾಳಿ ಬಿಟ್ಟು, ಮತ್ತೆ ಸೋಪು ಹಚ್ಚಿ, ಮತ್ತೆ ಹೊಡೆಯಿರಿ. ಉದ್ದ ಪೈಪ್ ಹಾಕಿ ದೂರ ನಿಲ್ಲಿ, ಗಾಲಿ ಮೇಲೆ ಬಗ್ಗಬೇಡಿ. ಕೂತ ಮೇಲೆ ಒಮ್ಮೆ ಪೂರ್ತಿ ಗಾಳಿ ಬಿಟ್ಟು ಮತ್ತೆ ತುಂಬಿ, ಟ್ಯೂಬಿನ ಮಡಿಕೆ ಬಿಡುತ್ತೆ. ಕೊನೆಗೆ ವಾಲ್ವ್‌ನ ಬುಡದ ನಟ್ ಬೆರಳಿಂದ ಬಿಗಿಮಾಡಿ, ಪಾನಾದಿಂದ ಸ್ವಲ್ಪವೇ. ಎಳೆದು ಬಿಗಿದರೆ ಬುಡದ ರಬ್ಬರ್ ಕಿತ್ತುಕೊಳ್ಳುತ್ತೆ.

ಎರೆಹೊಲ_ನವಲಗುಂದ:

ನೀರು ಮತ್ತೆ ತುಂಬಬೇಕಾ ಅನ್ನೋದಕ್ಕೆ ಯಾರೂ ಉತ್ತರಿಸಿಲ್ಲ. ಮುಂಚೆ ಇತ್ತು ಅಂತ ತುಂಬಬೇಡಿ, ಉಳುವಾಗ ಗಾಲಿ ಎಷ್ಟು ಜಾರುತ್ತೆ ಅಂತ ಅಳೆದು ನೋಡಿ ತುಂಬಿ. ಟೈರ್ ಪಕ್ಕಕ್ಕೆ ಸುಣ್ಣದ ಗುರುತು ಹಾಕಿ. ಹೊಲದಲ್ಲಿ ನೇಗಿಲು ಎತ್ತಿಕೊಂಡು ಗಾಲಿ 10 ಸುತ್ತು ಬರುವಷ್ಟು ಹೋಗಿ, ದೂರ ಅಳೆಯಿರಿ. ಅದೇ ಗೇರ್‌ನಲ್ಲಿ ನೇಗಿಲು ಇಳಿಸಿ ಮತ್ತೆ 10 ಸುತ್ತು. ಬರೀ ಗಾಡಿ 40 ಮೀಟರ್ ಹೋಗಿ, ನೇಗಿಲು ಹಾಕಿದಾಗ 35 ಮೀಟರ್ ಹೋದರೆ ಜಾರಿಕೆ 12.5%. ಒಣ ಹೊಲದಲ್ಲಿ 10ರಿಂದ 15% ಇದ್ದರೆ ತೂಕ ಸರಿಯಾಗಿದೆ. 20 ದಾಟಿದರೆ ಡೀಸೆಲ್ಲೂ ಟೈರೂ ಸುಮ್ಮನೆ ಸವೆಯುತ್ತೆ, ಆಗ ನೀರು ಬೇಕು. ತೀರಾ ಕಡಿಮೆ ಇದ್ದರೆ ಬೇಡದ ಭಾರ ಹೊತ್ತು ತಿರುಗ್ತಿದ್ದೀರಿ, ಮಣ್ಣೂ ಗಟ್ಟಿಯಾಗುತ್ತೆ.

ತುಂಬೋ ಕ್ರಮ: ಗಾಲಿ ಎತ್ತಿ, ವಾಲ್ವ್ ಗಡಿಯಾರದ 12ರ ಜಾಗಕ್ಕೆ ತನ್ನಿ. ಹಿತ್ತಾಳೆ ಮೂತಿ ಬಿಚ್ಚಿ, ಎರಡು ಮೂರು ಮೀಟರ್ ಎತ್ತರದ ಟ್ಯಾಂಕಿನಿಂದ ಪೈಪ್ ಹಚ್ಚಿ. ಗಾಳಿ ಹೊರಹೋಗುವ ಸಣ್ಣ ಕೊಳವೆ ಇರುವ ಅಡಾಪ್ಟರ್ ಸಿಕ್ಕರೆ ಒಳ್ಳೇದು. ಇಲ್ಲದಿದ್ದರೆ ಆಗಾಗ ಪೈಪ್ ತೆಗೆದು ಗಾಳಿ ಬಿಡ್ತಾ ಇರಬೇಕು. ವಾಲ್ವ್‌ನಿಂದ ನೀರು ಹೊರಗೆ ಬಂದಾಗ ನಿಲ್ಲಿಸಿ, ಅದೇ ಮುಕ್ಕಾಲು, ಅಂದರೆ 75%. ವಾಲ್ವ್ 4 ಅಥವಾ 8 ಗಂಟೆಯ ಜಾಗದಲ್ಲಿಟ್ಟು ನಿಲ್ಲಿಸಿದರೆ ಸುಮಾರು 40%. ಎಡ ಬಲ ಎರಡಕ್ಕೂ ಒಂದೇ ಮಟ್ಟ. ಸರಿಸುಮಾರು ಲೆಕ್ಕ ಹೇಳೋದಾದರೆ, ಮುಕ್ಕಾಲು ತುಂಬೋಕೆ 12.4-28ಗೆ 140 ಲೀಟರ್, 13.6-28ಗೆ 170, 14.9-28ಗೆ 210.

ಮುಕ್ಕಾಲಿಗಿಂತ ಮೇಲೆ ಬೇಡ. ನೀರು ಕುಗ್ಗಲ್ಲ, ಗಾಳಿ ಕುಗ್ಗುತ್ತೆ. ಮೇಲೆ ಗಾಳಿಯ ಜಾಗ ಇಲ್ಲದಿದ್ದರೆ ಕಲ್ಲಿಗೆ ಬಡಿದಾಗ ಹೊಡೆತ ನೇರ ಟೈರ್ ಒಳಗಿನ ನೂಲಿನ ಪದರಕ್ಕೆ ಬೀಳುತ್ತೆ. ಮುಕ್ಕಾಲು ತುಂಬಿದಾಗಲೂ ಗಾಳಿ ಇರೋದು ಸ್ವಲ್ಪವೇ, ಹಾಗಾಗಿ ಸಣ್ಣ ಸೋರಿಕೆಗೂ ಒತ್ತಡ ಬೇಗ ಇಳಿಯುತ್ತೆ. ವಾರಕ್ಕೊಮ್ಮೆ ನೋಡಿ.

ಕೆಸರುಗದ್ದೆ_ಮಂಡ್ಯ:

ಎರೆಹೊಲದವರ ಮಾತು ಒಣ ನೆಲಕ್ಕೆ ಸರಿ. ಆದರೆ ಕಾರಟಗಿಯವರ ಮುಖ್ಯ ಕೆಲಸ ಕೆಸರು. ಕೇಜ್ ವೀಲ್ ಹಾಕಿದಾಗ ಹಿಡಿತ ಕೊಡೋದು ಅದರ ಪಟ್ಟಿಗಳು, ಟೈರ್ ತೂಕ ಅಲ್ಲ. ಎರಡೂ ಕಡೆ ಸೇರಿ 340 ಕೆ.ಜಿ. ನೀರು ಹೊತ್ಕೊಂಡು ಗದ್ದೆಗಿಳಿದರೆ ಗಾಡಿ ಇನ್ನೂ ಆಳಕ್ಕೆ ಕೂರುತ್ತೆ, ರಿಮ್ ಹೆಚ್ಚು ಮುಳುಗುತ್ತೆ, ತುಕ್ಕೂ ಹೆಚ್ಚು. ಟ್ರಾಲಿ ಎಳೆಯುವಾಗ ಮುಂದುಗಡೆ ಏಳುತ್ತೆ ಅಂತ ಹಿಂದೆ ನೀರು ತುಂಬೋರಿದ್ದಾರೆ. ಅದರಿಂದ ಮುಂದುಗಡೆ ಒಂದು ಕೆ.ಜಿ.ಯೂ ಹೆಚ್ಚಾಗಲ್ಲ. ಅದಕ್ಕೆ ಮುಂದಿನ ಬಂಪರ್ ತೂಕ ಹಾಕಬೇಕು.

ನನ್ನ ಅಭಿಪ್ರಾಯದಲ್ಲಿ ನೀರು ಬಿಟ್ಟು, ಬೇಸಿಗೆ ಉಳುಮೆಗೆ ಮಾತ್ರ ಡಿಸ್ಕಿಗೆ ಬೋಲ್ಟ್ ಹಾಕೋ ಎರಕದ ತೂಕ ಜೋಡಿಸಿ. ಬೇಕಾದಾಗ ಹಾಕಿ, ಬೇಡದಾಗ ತೆಗೆದಿಡಬಹುದು, ಟ್ಯೂಬ್ ಗೊಡವೆ ಇಲ್ಲ.

ಕೆಸರು ಕೆಲಸ ಮುಗಿದ ದಿನವೇ ರಿಮ್‌ನ ಒಳಮುಖ ತೊಳೀರಿ. ಎಲ್ಲರೂ ಹೊರಮುಖ ತೊಳೀತಾರೆ. ಡಿಸ್ಕಿನ ಹಿಂದೆ, ಕಿವಿಗಳ ಸಂದಿಯಲ್ಲಿ ಮೆತ್ತಿದ ಮಣ್ಣು ತಿಂಗಳುಗಟ್ಟಲೆ ಒದ್ದೆ ಇರುತ್ತೆ. ಕಡ್ಡಿಯಿಂದ ಕೆದಕಿ ತೆಗೆದು ತೊಳೀಬೇಕು. ಬಲಗಡೆ ರಿಮ್ ಚೆನ್ನಾಗಿ ಕಾಣುತ್ತೆ ಅಂದ್ರಲ್ಲ, ಅಲ್ಲೂ ವಾಲ್ವ್ ಬುಡದ ನಟ್ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟು ನೋಡಿ.

ಎರೆಹೊಲ_ನವಲಗುಂದ:

ಕೆಸರಿಗೆ ನೀರು ಬೇಡ, ಒಪ್ಪಿದೆ. ಎರಕದ ತೂಕ ಸಿಕ್ಕರೆ ಅದೇ ಮೇಲು. ಸಿಗದಿದ್ದರೆ ಬೇಸಿಗೆಗೆ 40% ತುಂಬಿ, ಮಳೆಗಾಲದ ಮುಂಚೆ ಬಿಟ್ಟುಬಿಡಿ. ಮುಕ್ಕಾಲು ತುಂಬಿ ವರ್ಷಪೂರ್ತಿ ಇಡೋ ಅಗತ್ಯ ನಿಮ್ಮ ಕೆಲಸಕ್ಕೆ ಇಲ್ಲ.

ಗಾಳಿ ಎಷ್ಟಿರಬೇಕು ಅಂತ: ಹೊಲದಲ್ಲಿ ಹಿಂದಿನದಕ್ಕೆ 12ರಿಂದ 14 ಪಿಎಸ್‌ಐ, ಭಾರದ ಟ್ರಾಲಿಗೆ 18ರಿಂದ 20. ಟೈರ್ ಪಕ್ಕದಲ್ಲಿ ಬರೆದಿರೋ ಗರಿಷ್ಠ ದಾಟಬಾರದು. ನೀರಿರುವ ಟೈರಿನಲ್ಲಿ ವಾಲ್ವ್ ಮೇಲಿಟ್ಟೇ ಅಳೆಯಿರಿ. ಕೆಳಗಿಟ್ಟು ಅಳೆದರೆ ಗೇಜ್ ಒಳಗೆ ನೀರು ಹೋಗಿ ಕೆಡುತ್ತೆ, ಮುಕ್ಕಾಲು ತುಂಬಿದ 28 ಇಂಚಿನ ಗಾಲಿಯಲ್ಲಿ 70 ಸೆಂ.ಮೀ. ನೀರಿನ ಭಾರಕ್ಕೆ ಸುಮಾರು 1 ಪಿಎಸ್‌ಐ ಹೆಚ್ಚೂ ತೋರಿಸುತ್ತೆ. ಮತ್ತೆ ಗಾಲಿ ಜೋಡಿಸಿ ಒಂದು ಗಂಟೆ ಕೆಲಸ ಆದ ಮೇಲೆ ಹಬ್ ನಟ್, ಡಿಸ್ಕ್ ಬೋಲ್ಟ್ ಎರಡನ್ನೂ ಎದುರುಬದುರಾಗಿ ಮತ್ತೆ ಬಿಗಿಮಾಡಿ, ಮರುದಿನ ಇನ್ನೊಮ್ಮೆ. ಹೊಸ ಬಣ್ಣದ ಮೇಲೆ ಕೂತ ನಟ್ ಮೊದಲ ದಿನವೇ ಸಡಿಲಾಗುತ್ತೆ.